ಕಂಬಳಿ ಹೊದ್ದ ಅಂಗಳ

ಗೌಂಡಿ ಕಾಕಾನ ಹತ್ತೂ ಉಗುರುಗಳ ಸಂದಿಯಲ್ಲಿ ಕೆಂಪು ಬಣ್ಣ ಕೂತಿರುತ್ತಿತ್ತು. ಸಿಮೆಂಟಿಗೆ ಕಲಸುವ ಕಾವಿ ಪುಡಿಯ ಕೆಂಪು. ಹುಣಸೆಹಣ್ಣಿಗೂ ಸೀಮೆಎಣ್ಣೆಗೂ ಜಗ್ಗದ ಬಣ್ಣ ಅದು. ಬನಹಟ್ಟಿಯ ನಮ್ಮ ಓಣಿಯ ಹೆಂಗಸರು ನಳಕ್ಕೆ ಬಂದಾಗ ಅವನ ಕೈ ನೋಡಿ, "ಏನ್ರಿ ಗೌಂಡಿ, ಯಾರ ಮದವ್ಯಾಗ ಮೆಹಂದಿ ಹಚ್ಚಿಸ್ಕೊಂಡ ಬಂದ್ರಿ?" ಎಂದು ಕಾಡುತ್ತಿದ್ದರು. ಅವನು ಎರಡೂ ಕೈ ಮುಂದೆ ಚಾಚಿ, "ನಂದ ಮದವಿರಿ, ನಾಳಿಗೆ. ಊಟಕ್ಕ ಬರ್ರಿ," ಎನ್ನುತ್ತಿದ್ದ. ಒಳಗಿನಿಂದ ಅವನ ಹೆಂಡತಿ, "ಹೊಸಾ ಹೆಂಡ್ತಿಗೆ ಹೇಳ್ರಿ, ಆ ಅಂಗಿ ತೊಳಿಯೂ ಕೆಲಸಾನೂ ಅಕೀದ ಅಂತ!" ಎಂದು ಕೂಗಿ ಹೇಳುತ್ತಿದ್ದಳು.

ಅವನ ಊರು ಹುನ್ನೂರ. ಕುರಿ ಕಾಯುವ ಮನೆತನ. ಬೀರಪ್ಪನ ಭಕ್ತರು. ಅಣ್ಣತಮ್ಮಂದಿರೆಲ್ಲ ಕೋಲು ಹಿಡಿದು ಕುರಿ ಹಿಂದೆ ಹೋದರೆ ಇವನೊಬ್ಬ ಕರಣೆ ಹಿಡಿದು ಗೌಂಡಿಯಾದ, ನಮ್ಮ ಮಗ್ಗದ ಮನೆಯ ಹಿಂದಿನ ಖೋಲಿಗೆ ಬಾಡಿಗೆಗೆ ಬಂದು ಅಲ್ಲೇ ಉಳಿದುಬಿಟ್ಟ. ಗೋಡೆ ಕಟ್ಟುವ ಕೆಲಸ ಅವನಿಗೆ ಬೇಸರ. ಅವನ ಜೀವ ಇದ್ದದ್ದು ಮನೆಯ ಮುಂದಿನ ಅಂಗಳದಲ್ಲಿ. ಬಣ್ಣ ಕಲಸಿದ ಕಾಂಕ್ರೀಟು ಹಾಸಿ, ಅದು ಇನ್ನೂ ಹಸಿಯಾಗಿರುವಾಗಲೇ ಅಚ್ಚು ಒತ್ತಿ, ಶಹಾಬಾದಿ ಕಲ್ಲಿನಂತೆಯೋ ಇಟ್ಟಂಗಿಯಂತೆಯೋ ಹೂಬಳ್ಳಿಯಂತೆಯೋ ಮಾಡುತ್ತಿದ್ದ. ಹಳೆಯ ಲಾರಿ ಟೈರಿನ ರಬ್ಬರು ಕೊಯ್ದು ಅಚ್ಚುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆಯಿಂದಲೂ ಅವನಿಗೆ ಕರೆ ಬರುತ್ತಿತ್ತು. ಟೈಲ್ಸ್ ಹಾಕಿಸಿದವರ ಮನೆ ಮುಂದೆ ಹಾಯುವಾಗ ಮಾತ್ರ ಬೇಕೆಂದೇ ಕಾಲು ಜಾರಿದವರಂತೆ ನಟಿಸಿ, "ಹಿಡ್ಕೋರಿ, ಹಿಡ್ಕೋರಿ!" ಎನ್ನುವ ಕಿಡಿಗೇಡಿ.

ಈ ವಿದ್ಯೆ ಕಲಿತದ್ದು ಹಿಮಾಚಲದಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಯಾರೋ ಗುತ್ತಿಗೆದಾರನ ಬೆನ್ನು ಹತ್ತಿ ಅಲ್ಲಿಯ ಒಂದು ಸಣ್ಣ ಗುಡ್ಡದ ಊರಿಗೆ ಹೋಗಿದ್ದನಂತೆ. ಹಿಮ ಬೀಳುವ ಊರಲ್ಲಿ ನುಣುಪು ನೆಲ ನಡೆಯುವುದಿಲ್ಲ, ಕಾಲಿಗೆ ಹಿಡಿತ ಸಿಗುವಂತೆ ಕಾಂಕ್ರೀಟಿನ ಮೇಲೆ ಅಚ್ಚು ಒತ್ತುತ್ತಾರೆ, ನಡುನಡುವೆ ಸಂದು ಬಿಡುತ್ತಾರೆ ಎಂದು ಹೇಳುತ್ತಿದ್ದ. ಅಲ್ಲಿ ಅವನಿಗೆ ಗಂಟುಬಿದ್ದ ಇನ್ನೊಂದು ರೂಢಿ ಕಂಬಳಿ. ಹಸಿ ಕಾಂಕ್ರೀಟಿನೊಳಗಿನ ನೀರು ಥಂಡಿಗೆ ಗಡ್ಡೆ ಕಟ್ಟಿದರೆ ಮೇಲಿನ ಪದರು ಎದ್ದುಬಿಡುತ್ತದೆ; ಅದಕ್ಕೇ ಅಲ್ಲಿಯವರು ಹುಲ್ಲು, ಗೋಣಿಚೀಲ, ಕೈಗೆ ಸಿಕ್ಕದ್ದು ಹೊದಿಸುತ್ತಾರೆ. ನಮ್ಮವನು ಊರಿಗೆ ಮರಳಿದ ಮೇಲೂ, ಬನಹಟ್ಟಿಯ ಉರಿಬಿಸಿಲಲ್ಲೂ, ಹೊಸ ಅಂಗಳಕ್ಕೆ ಕರೀ ಕಂಬಳಿ ಹೊದಿಸುವುದನ್ನು ಬಿಡಲಿಲ್ಲ.

ಓಣಿಗೆ ಓಣಿಯೇ ನಕ್ಕಿತು. "ಯಾಕೋ ಗೌಂಡಿ, ಸಿಮೆಂಟಿಗೆ ಥಂಡಿಜ್ವರ ಬಂದಾವೇನು?" ಎಂದು ನಮ್ಮಪ್ಪ ಕೇಳಿದ್ದು ನನಗೆ ನೆನಪಿದೆ. ಕಾಕಾ ಆ ಕಂಬಳಿಯ ಮೇಲೆ ಕೊಡಗಟ್ಟಲೆ ನೀರು ಸುರಿದು, "ಅಲ್ಲಿ ಥಂಡಿಗಿ ಹೊಚ್ಚಿದ್ವಿರಿ, ಇಲ್ಲಿ ಬಿಸಲಿಗಿ ಹೊಚ್ಚಾಕತ್ತೇನಿ. ಹಸಿ ಕೂಸು, ಮುಚ್ಚಿಡಬೇಕ್ರಿ," ಎಂದ. ಒದ್ದೆ ಕಂಬಳಿಯ ಕೆಳಗೆ ಅಂಗಳ ನಿಧಾನವಾಗಿ ಬಲಿತು ಗಟ್ಟಿಯಾಗುತ್ತಿತ್ತು. ನಗು ನಿಂತಿತು. ನಿಲ್ಲದ್ದು ಅವನ ತಾಯಿಯ ಬೈಗುಳ. ಹುನ್ನೂರಿನಿಂದ ಬಂದಾಗಲೆಲ್ಲ ಆ ಮುದುಕಿ, "ಬೀರಪ್ಪನ ಗದ್ದಿಗಿಗೆ ಹಾಸೂ ಕಂಬಳಿ, ಅದನ್ನ ನೆಲಕ್ಕ ಹೊಚ್ಚತಿಯಲ್ಲೋ ಭಾಡ್ಯಾ!" ಎಂದು ಸಿಡುಕುತ್ತಿದ್ದಳು. "ಬೀರಪ್ಪ ನಮ್ಮಂಗ ಕುರಿ ಕಾದಾವ ಬೇ ಯವ್ವಾ. ಬಿಸಲಂದ್ರೇನು ಅವಗ ಗೊತ್ತೈತಿ," ಎಂದು ಕಾಕಾ ಜಾರಿಕೊಳ್ಳುತ್ತಿದ್ದ. ಬೈದುಕೊಂಡೇ ಆ ತಾಯಿ ಹೋಗುವಾಗ ಇನ್ನೊಂದು ಹಳೇ ಕಂಬಳಿ ಬಿಟ್ಟುಹೋಗುತ್ತಿದ್ದಳು.

ಒಮ್ಮೆ ತಿಮ್ಮಾಪುರದ ಕಡೆ ಒಂದು ಮನೆಯಲ್ಲಿ, ಅಂಗಳ ಮುಗಿಸಿ ಚಹಾ ಕುಡಿಯುತ್ತ ಕೂತಾಗ, ಆ ಮನೆಯ ಮುಧೋಳ ನಾಯಿ ಮೊಲವನ್ನೇ ಕಂಡಂತೆ ಹಸಿ ಕಾಂಕ್ರೀಟಿನ ಮೇಲೆ ಉದ್ದಕ್ಕೆ ಓಡಿತಂತೆ. ಮಾಲೀಕ ಕಟ್ಟಿಗೆ ಎತ್ತಿದ. ಕಾಕಾ ಅಡ್ಡ ಬಂದು, "ನಾಯೀಗಿ ಹೊಡಿಬ್ಯಾಡ್ರಿ. ನಾ ಚಾ ಕುಡಕೋತ ಕಂಬಳಿ ಹೊಚ್ಚೂದ ತಡಾ ಮಾಡೇನಿ, ಹೊಡಿಯೂದಿದ್ರ ನನಗ ಹೊಡೀರಿ," ಎಂದು ಬಗ್ಗಿ ನಿಂತನಂತೆ. ಮಾಲೀಕ ನಕ್ಕ. ಆ ಹೆಜ್ಜೆಗಳು ಇವತ್ತಿಗೂ ಅಲ್ಲಿವೆ, ಬೇಕಾದವರು ಹೋಗಿ ನೋಡಬಹುದು.

ಇಷ್ಟು ಅಂಗಳ ಹಾಸಿದವನ ಮನಸ್ಸು ಮಾತ್ರ ಒಂದೇ ಅಂಗಳದಲ್ಲಿ ಸಿಕ್ಕಿಕೊಂಡಿತ್ತು. ಹಿಮಾಚಲದ ಆ ಗುಡ್ಡದ ಊರಿನಲ್ಲಿ, ಹಂಗಾಮಿನ ಕೊನೆಗೆ, ಅವನೊಬ್ಬನೇ ಹಾಸಿದ ಮೊದಲ ಅಂಗಳ. ಮನೆಯವರು ಕಲ್ಲಿನ ಅಚ್ಚು ಒತ್ತು ಎಂದಿದ್ದರಂತೆ. ಹೊಸ್ತಿಲ ಮುಂದಿನ ಪಟ್ಟಿಯೊಂದನ್ನು ನನ್ನ ಮನಸ್ಸಿಗೆ ಬಂದಂತೆ ಮಾಡಲೇ ಎಂದು ಇವನು ಕೇಳಿಕೊಂಡು, ತನ್ನ ತಾಯಿಯ ಸೀರೆಯನ್ನು ನೆನೆದು, ಕೆಂಪು ನೆಲದ ಮೇಲೆ ಬಿಳಿ ಗೋಪುರಗಳ ಸಾಲು ನಿಲ್ಲಿಸಿದ: ನಮ್ಮ ಕಡೆಯ ತೋಪತೆನಿ ಸೆರಗು. ಮರುವಾರವೇ ಗುತ್ತಿಗೆದಾರ ಕೆಲಸ ಮುಚ್ಚಿ ಎಲ್ಲರನ್ನೂ ಕೆಳಗಿಳಿಸಿದ. ಆಮೇಲೆ ಹಿಮ ಬಿದ್ದಿತು. ತನ್ನ ಸೆರಗು ಆ ಹಿಮಕ್ಕೆ ತಡೆಯಿತೋ ಸಿಡಿಯಿತೋ, ಅವನಿಗೆ ತಿಳಿಯಲೇ ಇಲ್ಲ.

ಯಾರೂ ಇದನ್ನು ನಂಬಲಿಲ್ಲ. "ಹಿಮದಾಗ ಸೀರಿ ಒಣಾ ಹಾಕಿ ಬಂದಾನ" ಎಂದು ಚಾದಂಗಡಿಯಲ್ಲಿ ಅವನನ್ನು ಕುಣಿಸುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಆದರೆ ರಜೆಗೆ ಬಂದ ಸೈನಿಕ ಯಾರೇ ಸಿಗಲಿ, ಆ ಊರ ಕಡೆ ಹೋಗಿದ್ದಿರೇನು ಎಂದು ಕೇಳದೆ ಬಿಡುತ್ತಿರಲಿಲ್ಲ. ನಮ್ಮವ್ವನಿಗೆ ಮಾತ್ರ ಅವನ ಮಾತಿನಲ್ಲಿ ಸಂಶಯವಿರಲಿಲ್ಲ. ಜೀವಮಾನವೆಲ್ಲ ಆ ಸೆರಗನ್ನು ನೇಯ್ದವಳು ಅವಳು. ಕಾಕಾ ತಂದು ತೋರಿಸಿದ ತೋಪತೆನಿಯ ರಬ್ಬರಿನ ಅಚ್ಚಿನ ಮೇಲೆ ಬೆರಳಾಡಿಸಿ, "ಸುಳ್ಳ ಹೇಳಾವ ಇಷ್ಟ ನೆಟ್ಟಗ ತೋಪ ತಗಿಯಂಗಿಲ್ಲ," ಎಂದಿದ್ದಳು.

ನನಗೆ ಗಂಡನಾಗಿ ಸಿಕ್ಕವನೂ ಸೈನಿಕ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವನಿಗೆ ಹಿಮಾಚಲಕ್ಕೆ, ಅದೇ ಊರಿನ ಹತ್ತಿರಕ್ಕೇ, ವರ್ಗವಾಯಿತು. ಸುದ್ದಿ ಕೇಳಿ ಗೌಂಡಿ ಕಾಕಾ ಕೆಲಸ ಬಿಟ್ಟು ಬಂದ. ಅಷ್ಟರಲ್ಲಿ ಅವನಿಗೆ ದಮ್ಮು ಹತ್ತಿತ್ತು, ಮಾತಿನ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಬಸ್‌ಸ್ಟ್ಯಾಂಡಿನ ಮೇಲ್ಗಡೆ, ನೀಲಿ ತಗಡಿನ ಮನೆ, ಹಿಂದೆ ಸೇಬಿನ ಗಿಡ ಎಂದು ಗುರುತು ಹೇಳಿದ. "ಒಡದಿದ್ರ ಒಡದೈತಿ ಅಂತ ಹೇಳ ಮಗಳ. ನನಗ ಛಲೋ ಅನಸ್ಲಿ ಅಂತ ಸುಳ್ಳ ಹೇಳಬ್ಯಾಡ," ಎಂದ. ಊರೆಲ್ಲ ನಗಿಸುವ ಮನುಷ್ಯ ಅಂದು ನಗಲಿಲ್ಲ.

ಹೋಗಿ ನೋಡಿದರೆ ಆ ಊರಲ್ಲಿ ಎಲ್ಲ ಮನೆಗೂ ತಗಡು, ಎಲ್ಲರ ಹಿಂದೂ ಸೇಬಿನ ಗಿಡ! ಬಸ್‌ಸ್ಟ್ಯಾಂಡೇ ಬೇರೆ ಕಡೆ ಹೋಗಿತ್ತು. ಬಿಡುವಾದಾಗಲೆಲ್ಲ ಹೋಗಿ ಕಂಡವರ ಅಂಗಳ ಇಣುಕಿ, ಕಳ್ಳಿಯನ್ನು ನೋಡಿದಂತೆ ನೋಡಿಸಿಕೊಂಡು ಬಂದೆ. ಕೊನೆಗೆ ಕೈಬಿಟ್ಟೆ. ದೀಪಾವಳಿಯ ದಿನ ಮಾತ್ರ, ಅವ್ವ ನೇಯ್ದು ಕೊಟ್ಟ ಸೀರೆಯುಟ್ಟು, ಸ್ವೆಟರಿನ ಮೇಲೆ ಸೆರಗು ಹೊದ್ದು ಆ ಊರಿನ ಪೇಟೆಗೆ ಹೋದೆ. ತರಕಾರಿ ಅಂಗಡಿಯ ಮುಂದೆ ಹಿಂದಿನಿಂದ ಯಾರೋ ಸೆರಗು ಹಿಡಿದರು. ತಿರುಗಿದರೆ ಬೆನ್ನು ಬಾಗಿದ ಒಬ್ಬ ಅಜ್ಜಿ. ಬಿಳಿ ಗೋಪುರಗಳನ್ನು ಒಂದೊಂದಾಗಿ ಮುಟ್ಟುತ್ತ, ಇದು ನಮ್ಮ ಮನೆಯ ಬಾಗಿಲ ಮುಂದಿದೆಯಲ್ಲ, ನಿನ್ನ ಮೈಮೇಲೆ ಹೇಗೆ ಬಂತು ಎಂದು ಹಿಂದಿಯಲ್ಲಿ ಕೇಳಿದಳು. ಪೇಟೆಯ ನಡುವೆ ನಿಂತು ನಾನು ಅತ್ತುಬಿಟ್ಟೆ.

ಅಜ್ಜಿಯ ಮನೆಯ ತಗಡು ಈಗ ಹಸಿರಾಗಿತ್ತು. ಹೊಸ್ತಿಲ ಮುಂದೆ ತೋಪತೆನಿ ಇತ್ತು. ಕೆಂಪು ಮಾಸಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು, ಗೋಪುರಗಳ ಅಂಚು ಕಾಲಿನ ತಿಕ್ಕಾಟಕ್ಕೆ ಮೊಂಡಾಗಿತ್ತು, ಆದರೆ ಒಂದೂ ಬಿರುಕಿರಲಿಲ್ಲ. ಎಡಗಡೆಯ ಮೂಲೆಯಲ್ಲಿ ಮಾತ್ರ ಅಂಗೈ ಎರಡು ಜೋಡಿಸಿದಷ್ಟು ಜಾಗದಲ್ಲಿ ಮೇಲಿನ ಪದರು ಎದ್ದು ಕಲ್ಲು ಕಾಣುತ್ತಿತ್ತು.

ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು "ಗೌಂಡೀ, ಲಗೂನ ಬಾರೋ" ಎಂದು ಕೂಗಿದ್ದು ಆ ಗುಡ್ಡಕ್ಕೂ ಕೇಳಿಸಿತು. ಪರದೆ ತುಂಬ ಕಾಕಾನ ಮೂಗು ಬಂತು. ನಾನು ಫೋನನ್ನು ನೆಲದ ಮೇಲೆ ನಿಧಾನವಾಗಿ ಸರಿಸಿದೆ. ಅವನು ಒಂದೊಂದೇ ಗೋಪುರ ನೋಡಿಕೊಂಡು ಬಂದ. ಮೂಲೆಯನ್ನು ತೋರಿಸಬೇಕೋ ಬೇಡವೋ ಎಂದು ನನ್ನ ಕೈ ತಡೆಯಿತು. "ಎಡಕ್ಕ ಹಿಡಿ, ಮಗಳ," ಎಂದ ಅವನೇ. ಹಿಡಿದೆ.

"ಎದ್ದೈತಿ," ಎಂದ. ಆಮೇಲೆ ನಗತೊಡಗಿದ. ದಮ್ಮು ಹತ್ತುವಷ್ಟು ನಕ್ಕು, ಉಗುರು ಕೆಂಪಾದ ಬೆರಳಿನಿಂದ ಕಣ್ಣೊರೆಸಿಕೊಂಡ. "ನನ್ನ ಕಡೆ ಒಂದ ಕಂಬಳಿ ಇತ್ತು, ಹುನ್ನೂರಿಂದ ನಮ್ಮವ್ವ ಕಳಿಸಿದ್ದು. ಅದನ್ನ ಇದಕ್ಕ ಹೊಚ್ಚಿ ಮಗ್ಗಲದಾಗ ಕುಂತಿದ್ನಿ. ನಸಿಕಿನ್ಯಾಗ ಥಂಡಿ ತಡಿಲಾರದ ಒಂದ ಮೂಲಿ ನನ್ನ ಕಾಲಿಗೆ ಎಳಕೊಂಡ್ನಿ. ಅದ ಮೂಲಿ ನೋಡ ಇದು! ಇಷ್ಟ ವರ್ಷ ಅದ ಮೂಲೀದ ಚಿಂತಿ ನನಗ."

ಅವ್ವ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಅಜ್ಜಿಗೆ ಹಿಂದಿಯಲ್ಲಿ ಎಲ್ಲ ಹೇಳಿದೆ. ಬಂದು ಮೂಲೆ ಸರಿಮಾಡಿ ಹೋಗಲಿ, ಊಟ ನಮ್ಮಲ್ಲೇ ಎಂದಳು ಅಜ್ಜಿ. "ಬರ್ತೇನಂತ ಹೇಳ," ಎಂದ ಕಾಕಾ. "ಈ ಸಲ ಎರಡ ಕಂಬಳಿ ತರ್ತೇನಂತ ಹೇಳ."

ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡ. ನಾನು ಊರು ಮುಟ್ಟುವಷ್ಟರಲ್ಲಿ ಹುನ್ನೂರಿನ ಹೊಲದಲ್ಲಿ ಮಣ್ಣು ಮಾಡಿ ಮುಗಿದಿತ್ತು. ಆಮೇಲೆ ಅವನ ಮಗ, ಅವನೂ ಗೌಂಡಿಯೇ, ಅಪ್ಪನ ಮೇಲೊಂದು ಗದ್ದುಗೆ ಕಟ್ಟಿದ. ಕಾವಿ ಕಲಸಿದ ಕಾಂಕ್ರೀಟು, ಅದರ ಮೇಲೆ ಅದೇ ರಬ್ಬರಿನ ಅಚ್ಚು ಒತ್ತಿದ ತೋಪತೆನಿ. ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮಗ ಕರೀ ಕಂಬಳಿ ತಂದು ಹೊದಿಸಿದ. ಕಾಕಾನ ತಾಯಿ ಇದ್ದಿದ್ದರೆ ಈ ಸಲ ಬೈಯುತ್ತಿರಲಿಲ್ಲ.

ನಾವೆಲ್ಲ ಕೈಮುಗಿದು ನಿಂತಿದ್ದೆವು. ಅವ್ವ ಮಾತ್ರ ಗದ್ದುಗೆಯ ಸುತ್ತ ನಡೆದು ಎಡಗಡೆಗೆ ಹೋಗಿ ನಿಂತಳು.

"ಈ ಮೂಲಿ ತೆರದೈತಿ ನೋಡೋ," ಎಂದಳು ಕಾಕಾನ ಮಗನಿಗೆ. "ಇನ್ನೊಂದ ಕಂಬಳಿ ತಗೊಂಡ ಬಾ."

ಅವನು ಮನೆಗೆ ಓಡಿ ಇನ್ನೊಂದು ತಂದ. ಅವ್ವ ಅದನ್ನು ಮೂಲೆಗೆ ಎಳೆದು, ಮಲಗಿದ ಮಕ್ಕಳಿಗೆ ಮಾಡುವಂತೆ ಅಂಚನ್ನು ಕೆಳಗೆ ಸಿಕ್ಕಿಸಿದಳು. ನಾನು ಕೊಡ ಎತ್ತಿ, ಎರಡೂ ಕಂಬಳಿ ತೊಯ್ಯುವವರೆಗೆ ನೀರು ಸುರಿದೆ.