ಬಾರ್ಸಿಲೋನಾದಿಂದ ಗೆಂಕ್‌ಗೆ ಒಂದು ಪಾರಿವಾಳ

ಒಡಿಲಾನ್ ಹುಡುಗನಾಗಿದ್ದಾಗಲೇ ಗೆಂಕ್ ಊರಿನ ಕಲ್ಲಿದ್ದಲ ಗಣಿಗೆ ಇಳಿದವನು. ಕೆಲಸ ಬಿಟ್ಟು ಮೇಲೆ ಬರುವ ಹೊತ್ತಿಗೆ ತಲೆ ನರೆತಿತ್ತು, ಎದೆಯೊಳಗೆ ಕರಿ ಧೂಳು ಮನೆ ಮಾಡಿತ್ತು. ನೆಲದ ಕೆಳಗೆ ಅದೆಷ್ಟು ದೂರ ತೆವಳಿದ್ದನೋ, ನೆಲದ ಮೇಲೆ ಮಾತ್ರ ಬ್ರಸೆಲ್ಸ್ ದಾಟಿದವನಲ್ಲ. ಅವನ ಬದಲಿಗೆ ದೇಶ ಸುತ್ತಿದ್ದು, ದೂರದೂರಲ್ಲಿ ಬಿಟ್ಟರೆ ಮನೆಗೆ ಹಾರಿ ಬರುವ ಅವನ ಪಂದ್ಯದ ಪಾರಿವಾಳಗಳು.

ಆ ಎದೆಗೆ ಅಂಗಳದಲ್ಲಿದ್ದ, ಆಳು ಹೊಗುವಷ್ಟು ದೊಡ್ಡ ಮರದ ಹಕ್ಕಿಗೂಡಿನ ಧೂಳೂ ಆಗದು ಎಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ಗೋಡ್‌ಲೀವ್ ಪಟ್ಟು ಹಿಡಿದಳು. ಹಕ್ಕಿಗಳೆಲ್ಲ ಹರಾಜಾದವು. ಬೂದುನೀಲಿ ಬಣ್ಣದ ಸಣಕಲು ಹೆಣ್ಣು ಹಕ್ಕಿಯೊಂದನ್ನು ಮಾತ್ರ ಅವನು ಕೊಡಲಿಲ್ಲ.

“ಬಾರ್ಸಿಲೋನಾ ಪಂದ್ಯಕ್ಕೆ ಒಂದ್ಸಲ ಕಳಿಸ್ತೀನಿ. ತಿರುಗಿ ಬಂದ್ರೆ ಸಾಯೋತನಕ ಇಲ್ಲೇ ಇರ್ತಾಳೆ. ಬರದಿದ್ರೆ ಗೂಡು ಕಿತ್ತು ಒಲೆಗೆ ಹಾಕು” ಎಂದ.

“ಆಗ್ಲಿ” ಎಂದಳು ಗೋಡ್‌ಲೀವ್. ಬರುವುದಿಲ್ಲ ಎಂದೇ ಅವಳ ಲೆಕ್ಕಾಚಾರ.

ಶುಕ್ರವಾರ ಬೆಳಿಗ್ಗೆ ರೇಡಿಯೋದವನು, ಮಳೆ ಬಿಸಿಲಿನ ಸುದ್ದಿ ಹೇಳಿದಷ್ಟೇ ಸಲೀಸಾಗಿ, ಬಾರ್ಸಿಲೋನಾದಲ್ಲಿ ಹಕ್ಕಿಗಳನ್ನು ಬಿಟ್ಟಾಯಿತು ಎಂದ. ಒಡಿಲಾನ್ ಕಾಫಿ ಲೋಟ ಪಕ್ಕಕ್ಕೆ ಸರಿಸಿದ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುವೆ ಪಿರನೀಸ್ ಬೆಟ್ಟ, ಇಡೀ ಫ್ರಾನ್ಸ್, ಮೇಲೆ ಗಿಡುಗಗಳ ಕಾಟ.

ಪಕ್ಕದ ಮನೆಯ ಶಾರೆಲ್ ಆಗಷ್ಟೇ ಬಾರ್ಸಿಲೋನಾದಿಂದಲೇ ರಜೆ ಮುಗಿಸಿ ಬಂದಿದ್ದ. “ವಿಮಾನದಲ್ಲಿ ಎರಡೇ ಗಂಟೆ ಕಣೋ. ನೆಟ್ಟಗೆ ಒಂದು ಬಿಯರ್ ಕುಡಿಯೋಕೂ ಪುರುಸೊತ್ತಿಲ್ಲ.”

“ನಿನ್ನ ಪೈಲಟ್ ಹತ್ರ ನಕ್ಷೆ ಇತ್ತು. ಇವಳನ್ನ ಬುಟ್ಟೀಲಿ ಹಾಕಿ ಲಾರೀಲಿ ಒಯ್ದಿದಾರೆ. ದಾರಿ ಕಂಡೇ ಇಲ್ಲ.”

“ಮತ್ತೆ ಹೆಂಗೆ ಬರ್ತಾಳೆ?”

“ಇಷ್ಟು ವರ್ಷ ಸಾಕಿದೀನಿ, ನಂಗೂ ಗೊತ್ತಿಲ್ಲ” ಎಂದ ಒಡಿಲಾನ್. ಹೇಳುವಾಗ ಅವನ ದನಿ ಇಗರ್ಜಿಯೊಳಗೆ ಮಾತಾಡುವವರ ಹಾಗೆ ತಗ್ಗಿತು. ಶಾರೆಲ್ ಕೂಡ ತಮಾಷೆ ಬಿಟ್ಟು ತೆಂಕಣ ಆಕಾಶ ನೋಡಿದ.

ಶನಿವಾರ ಬೀದಿಯಲ್ಲಿ ಯಾರೂ ಬಟ್ಟೆ ಒಣಹಾಕಲಿಲ್ಲ. ಹಾರಾಡುವ ಬಟ್ಟೆಗೆ ಹಕ್ಕಿ ಬೆದರುತ್ತದೆ. ಗೋಡ್‌ಲೀವ್ ಗೊಣಗುತ್ತಲೇ ತನ್ನ ಒದ್ದೆ ಹೊದಿಕೆಗಳನ್ನೂ ಒಳಗೆ ತಂದಳು. ಮಧ್ಯಾಹ್ನ ಕಳೆಯಿತು. ಬೇರೆಯವರ ಹಕ್ಕಿಗಳು ಬಂದವು. ಬಿಸಿಲು ಇಳಿಯತೊಡಗಿದಾಗ ಮಾಡಿನ ಮೇಲೆ ಏನೋ ಬಂದು ಬಿತ್ತು. ಅವಳೇ. ಬಾಲದ ಗರಿ ಕಿತ್ತುಹೋಗಿತ್ತು.

ಸುಸ್ತಾದ ಹಕ್ಕಿ ಈಗ ಬೆದರಿ ಹಾರಿದರೆ ತಿರುಗಿ ಬರುವ ಶಕ್ತಿ ಇರುವುದಿಲ್ಲ, ಎಲ್ಲೋ ಬಿದ್ದು ಸಾಯುತ್ತದೆ. ಹೆಂಡತಿಯ ಜೊತೆ ಅಂಗಳದಲ್ಲಿ ಕಾಯುತ್ತಿದ್ದ ಒಡಿಲಾನನಿಗೆ ಅದೇ ಹೊತ್ತಿಗೆ ಕೆಮ್ಮು ಒತ್ತರಿಸಿ ಬಂತು. ಟೋಪಿಯನ್ನು ಬಾಯಿಗೆ ತುರುಕಿಕೊಂಡು ಕಲ್ಲಿನ ಹಾಗೆ ಕೂತ. ಕಣ್ಣಲ್ಲಿ ನೀರು ಬಂತು. ಹಕ್ಕಿ ಅಂಗಳವನ್ನು ಆ ಕಡೆ ಈ ಕಡೆ ನೋಡಿತು. ಮನೆ ತಪ್ಪಿತೇನೋ ಎಂಬಂತೆ ರೆಕ್ಕೆ ಬಿಚ್ಚಿತು.

“ಕೆಮ್ಮು ಮಾರಾಯ” ಎಂದು ಗೋಡ್‌ಲೀವ್ ಪಿಸುಗುಟ್ಟಿದಳು. “ಮೊಟ್ಟೆಯಿಂದ ಹೊರಗೆ ಬಂದಾಗ್ನಿಂದ ಅದು ಕೇಳಿರೋದು ಅದನ್ನೇ.”

ಟೋಪಿ ತೆಗೆದ. ತಡೆದಿಟ್ಟ ಕೆಮ್ಮೆಲ್ಲ ಒಮ್ಮೆಗೇ ಹೊರಬಿತ್ತು. ಹಕ್ಕಿ ರೆಕ್ಕೆ ಮಡಿಸಿ, ನೇರ ಕೆಳಗಿಳಿದು, ಗೂಡಿನ ಕಿಂಡಿಯೊಳಗೆ ನುಗ್ಗಿತು.

ಅಷ್ಟು ಆಕಾಶ ದಾಟಿ ಬಂದ ಜೀವ ಈ ಹಾಳು ಸದ್ದಿಗೆ ಇಳಿಯಿತಲ್ಲ ಎಂದುಕೊಳ್ಳುತ್ತ ಒಡಿಲಾನ್ ಎದ್ದು ಗೂಡಿನ ಕಡೆ ಹೊರಟ. ಗೋಡ್‌ಲೀವ್ ಅವನ ತೋಳು ಹಿಡಿದು ನಿಲ್ಲಿಸಿದಳು.

“ನೀನು ಒಳಗೆ ಹೋಗ್ಬೇಡ, ಧೂಳು. ಇನ್ಮೇಲೆ ಗೂಡು ನಾನೇ ಗುಡಿಸ್ತೀನಿ. ನೀನು ಇಲ್ಲೇ ಕೂತು ಕೆಮ್ಮು.”