ಸಂಘದ ಕಬ್ಬಿಣದ ಮಂಚ

ನವಿ ಮುಂಬಯಿಯ ಘಣಸೋಲಿಯಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಗೂಡಿನಂಥ ಒಂದು ಕೋಣೆ ಇದೆ. ಮೊದಲು ಅಲ್ಲಿ ನೀರಿನ ಪಂಪು ಇತ್ತು. ಈಗ ನಮ್ಮ ಊರ ಕಡೆಯವರ ಸಂಘದ ಸಾಮಾನು. ಸಂಘವೆಂದರೆ ವೇದಿಕೆ ಹಾಕಿ ಶಾಲು ಹೊದೆಸುವ ಸಂಘವಲ್ಲ. ಕಾಲು ಮುರಿದವರಿಗೆ ವಾಕರ್, ನಡೆಯಲಾಗದವರಿಗೆ ಗಾಲಿಕುರ್ಚಿ, ಎದ್ದು ಕೂರಲಾಗದವರಿಗೆ ಕಬ್ಬಿಣದ ಮಂಚ, ಇಂಥವನ್ನು ಕೇಳಿದವರಿಗೆ ಕೊಟ್ಟು, ಅವರ ಕೆಲಸ ಮುಗಿದ ಮೇಲೆ ತಿರುಗಿ ತರುವ ಸಂಘ. ಮಂಚದ ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ಅಂಥದ್ದು ಇರುವುದು ಒಂದೇ.

ಇದನ್ನೆಲ್ಲ ನೋಡಿಕೊಳ್ಳುವುದು ಒಬ್ಬಳು ಹುಡುಗಿ. ಹುಟ್ಟಿ ಬೆಳೆದದ್ದು ಇಲ್ಲೇ, ಕೆಲಸ ಐರೋಲಿಯ ಆಫೀಸಿನಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಅರ್ಧ ಹಿಂದಿ. ಭಾನುವಾರ ಬಂದಳೆಂದರೆ ಪೈಪು ಹಿಡಿದು ಮಂಚ ತೊಳೆಯುತ್ತಾಳೆ, ಗಾಲಿಗಳಿಗೆ ಎಣ್ಣೆ ಬಿಡುತ್ತಾಳೆ. ಸಾಗಿಸುವುದಕ್ಕೆ ಬೇರೆ ಗಾಡಿ ಇಲ್ಲ. ವಾಶಿಯ ಮಾರ್ಕೆಟ್ಟಿನಿಂದ ಹೋಟೆಲುಗಳಿಗೆ ತರಕಾರಿ ಹಾಕಿ ಖಾಲಿ ಮರಳುವ ಟೆಂಪೊ ಉಂಟಲ್ಲ, ಅದರಲ್ಲೇ ಎಲ್ಲ. ಹಾಗಾಗಿ ನಮ್ಮ ಸಂಘದ ವಾಕರ್‌ಗೆ ಕೊತ್ತಂಬರಿ ಸೊಪ್ಪಿನ ವಾಸನೆ.

ಮೊದಮೊದಲು ನನಗೆ ಅವಳ ಮೇಲೆ ಅನುಮಾನವೇ. ಸುಮ್ಮನೆ ಯಾರಾದರೂ ಮೈ ಮುರಿದು ದುಡಿಯುತ್ತಾರೆಯೇ? ಒಂದು ದಿನ ಮೆಟ್ಟಿಲ ಮೇಲೆ ಕೂತು ಕೇಳಿಯೇಬಿಟ್ಟೆ, ನಿನಗೆ ಇದರಲ್ಲಿ ಸಿಗುವುದೇನು ಎಂದು.

"ಸಂಡೇ ಮನೆಯಲ್ಲಿದ್ರೆ ಮಮ್ಮಿ ಹುಡುಗರ ಫೋಟೊ ತೋರಿಸ್ತಾಳೆ ಅಜ್ಜಿ," ಎಂದಳು. "ಇಧರ್ ಶಾಂತಿ ಹೈ."

ಈ ಉತ್ತರ ನನಗೆ ಹಿಡಿಸಿತು. ಪುಣ್ಯ, ಸೇವೆ ಎಂದು ಶುರು ಮಾಡಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಆಮೇಲೆ ಭಾನುವಾರ ಬಂದರೆ ನಾನೂ ಅಲ್ಲಿಯೇ. ಒಂದೊಂದೇ ಸಾಮಾನು ತೋರಿಸಿ ವಿಚಾರಿಸುತ್ತಿದ್ದೆ. ಈ ಕುರ್ಚಿ ಯಾರ ಮನೆಯಿಂದ ಬಂತು? ಒಂದೇ ಗಾಲಿ ಯಾಕೆ ಸವೆದಿದೆ? ಖಾರಘರದ ಒಬ್ಬ ಮಾಸ್ತರರು ಬಲಗೈಯಿಂದ ಮಾತ್ರ ತಳ್ಳಿಕೊಂಡು ಮನೆಯೊಳಗೆ ಸುತ್ತು ಹಾಕುತ್ತಲೇ ಇದ್ದರಂತೆ. ಮಂಚದ ಕಂಬಿಗೆ ಯಾಕೆ ಹಳೆ ಸೀರೆಯ ಅಂಚು ಸುತ್ತಿದೆ? ಕಬ್ಬಿಣ ಕೈಗೆ ತಣ್ಣಗೆ ಹತ್ತುತ್ತದೆಂದು ಯಾರೋ ಸುತ್ತಿಸಿಕೊಂಡದ್ದಂತೆ. ಮುಖ ನೋಡದೆ, ಬರೇ ಸಾಮಾನು ನೋಡಿ ಜನರ ಸ್ವಭಾವ ತಿಳಿಯುವುದು ನನಗೆ ಟಿವಿಗಿಂತ ಮೇಲಾಯಿತು.

ಹೀಗಿರುವಾಗ ನಮ್ಮ ಎದುರುಮನೆಯವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಮಾಡಿ ಮನೆಗೆ ಕಳಿಸುವಾಗ ಡಾಕ್ಟರು, ಮಲಗಿಸಿಯೇ ಇಟ್ಟರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಹೇಗಾದರೂ ಕೂರಿಸಿ ಎಂದಿದ್ದರು. ಮಗ ಠಾಣೆಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು, ಹಗಲು ಮನೆಯಲ್ಲಿ ಇರುವುದಿಲ್ಲ. ಸೊಸೆ ಕಡ್ಡಿ, ಅತ್ತೆ ಅಕ್ಕಿಮೂಟೆ. ಎತ್ತಲು ಹೋಗಿ ಅವಳೂ ಅಳುವುದು, ಇವಳೂ ಅಳುವುದು ನನ್ನ ಬಾಗಿಲಿಗೆ ಕೇಳುತ್ತಿತ್ತು. ಆಮೇಲೆ ಕೆಮ್ಮು ಶುರುವಾಯಿತು. ಒಳ್ಳೆಯ ಕೆಮ್ಮಲ್ಲ ಅದು.

ನಾನೇ ಹುಡುಗಿಗೆ ಹೇಳಿದೆ. ಮಂಚ ಆಗಷ್ಟೇ ವರ್ತಕ ನಗರದ ಒಂದು ಮನೆಯಿಂದ ಮರಳಿತ್ತು. ಬಾಗಿಲು ಅಳೆಯಲು ಟೇಪು ಹಿಡಿದುಕೊಂಡು ಅವಳು ನನ್ನ ಜೊತೆ ಎದುರುಮನೆಗೆ ಬಂದಳು. ಅಲ್ಲಿ ಮಲಗಿದವಳ ಅಕ್ಕ ಡೊಂಬಿವಲಿಯಿಂದ ಬಂದು ಸೋಫಾದಲ್ಲಿ ಕೂತಿದ್ದಳು.

ನಮ್ಮ ಊರ ಕಡೆ ಸತ್ತವರು ಮಲಗಿದ್ದ ಚಾಪೆಯನ್ನು ಮತ್ತೆ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹೆಣದ ಹಿಂದೆಯೇ ಅದೂ ಹೊರಗೆ. ಸಂಘದ ಗಂಡಸರಿಗೆ ಇದು ಗೊತ್ತು, ಅದಕ್ಕೇ ಯಾರು ಕೇಳಿದರೂ ಹಿಂದಿನವರು ಗುಣವಾದರು ಎಂದುಬಿಡುತ್ತಾರೆ. ಹುಡುಗಿಗೆ ಯಾರೂ ಅದನ್ನು ಕಲಿಸಿರಲಿಲ್ಲ.

ಮೊದಲು ಯಾರ ಮನೆಯಲ್ಲಿತ್ತು ಎಂದು ಅಕ್ಕ ಕೇಳಿದಳು.

"ಒಬ್ರು ಅಜ್ಜಿ ಹತ್ರ ಇತ್ತು. ಅವ್ರು ಆಫ್ ಆದ್ರು, ಅದಕ್ಕೇ ನಿಮಗೆ ಜಲ್ದಿ ಸಿಕ್ತು. ಇಲ್ಲಾಂದ್ರೆ ವೇಟಿಂಗ್ ಇರ್ತದೆ," ಎಂದಳು ಹುಡುಗಿ, ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಾದ ಸುದ್ದಿ ಹೇಳುವವಳಂತೆ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಸತ್ತವಳ ಮಂಚದಲ್ಲಿ ನನ್ನ ತಂಗಿಯನ್ನು ಮಲಗಿಸುವುದಾ? ಅವಳನ್ನೂ ಬೇಗ ಕಳಿಸುವ ಅಂತಲಾ?"

ಸೊಸೆ ನೆಲ ನೋಡಿದಳು. ಮಂಚ ತಂದು ಅತ್ತೆಗೆ ಹೆಚ್ಚುಕಡಿಮೆಯಾದರೆ ಅವಳ ತಲೆಗೆ, ತರದೆ ಆದರೂ ಅವಳ ತಲೆಗೇ. ಗಂಡನಿಗೆ ಫೋನು ಹಚ್ಚಿದಳು. ಅವನಿಗೆ ಎದುರು ಗಿರಾಕಿಗಳು ನಿಂತಿದ್ದರು, ದೊಡ್ಡಮ್ಮ ಹೇಳಿದ ಹಾಗೆ ಮಾಡಿ ಎಂದು ಇಟ್ಟುಬಿಟ್ಟ. ನಾನು, ಆಸ್ಪತ್ರೆಯ ಮಂಚದಲ್ಲಿ ಯಾರೂ ಸತ್ತಿಲ್ಲವೇ, ಅಲ್ಲಿ ಮಲಗಿ ಬಂದಳಲ್ಲ ಎಂದೆ. ಆಸ್ಪತ್ರೆ ಬೇರೆ, ಮನೆ ಬೇರೆ ಎಂದಳು ಅಕ್ಕ. ನನ್ನ ಮನೆಯಲ್ಲಾದರೂ ಸತ್ತವರ ಚಾಪೆಯನ್ನು ನಾನು ಇಟ್ಟುಕೊಳ್ಳುತ್ತಿರಲಿಲ್ಲ. ಹುಡುಗಿ ಬೇಕಾದರೆ ಇನ್ನೊಮ್ಮೆ ಡೆಟಾಲ್ ಹಾಕಿ ತೊಳೆಯುತ್ತೇನೆ ಎಂದಳು. ಸಾವು ಡೆಟಾಲಿಗೆ ಹೋಗುವ ಕೊಳೆಯೇ?

ನಾವು ಹೀಗೆ ಹೊರಗೆ ಮಾತಾಡುತ್ತಿದ್ದರೆ ಒಳಗಿನಿಂದ ಕೆಮ್ಮು ಬರುತ್ತಲೇ ಇತ್ತು. ನನಗೆ ಒಂದು ಕುತೂಹಲ ಹುಟ್ಟಿತು. ಎಲ್ಲರೂ ಅವಳ ಬಗ್ಗೆಯೇ ಆಡುತ್ತಿದ್ದೇವೆ, ಅವಳ ಮನಸ್ಸಿನಲ್ಲಿ ಏನಿರಬಹುದು? ಎದ್ದು ಒಳಗೆ ಹೋದೆ. ಕೇಳಿಸಿತೇ ಎಂದರೆ, ಕೇಳಿಸದೆ ಏನು, ಕಿವಿಯೇನು ಮುರಿದಿಲ್ಲ ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡಳು.

"ಆ ಮುದುಕಿಗೆ ಬೆನ್ನು ಹುಣ್ಣಾಗಿತ್ತಾ, ಕೇಳು."

ನನಗೇ ಹೊಳೆಯದ ಪ್ರಶ್ನೆ. ಹುಡುಗಿಯನ್ನು ಒಳಗೆ ಕರೆದೆ. ಅವಳು ವರ್ತಕ ನಗರದ ಆ ಮನೆಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಹಿಡಿದಳು. ಆ ಮನೆಯ ಮಗಳು ಮರಾಠಿಯವಳು. ಹುಣ್ಣೇನೂ ಆಗಿರಲಿಲ್ಲ, ಕೊನೆಯ ದಿನವೂ ಆಯಿ ಅದೇ ಮಂಚದಲ್ಲಿ ಕೂತು ಬಟಾಣಿ ಸುಲಿದುಕೊಟ್ಟಿದ್ದರು, ಹೃದಯ ನಿಂತು ಹೋದರು ಎಂದಳು. ಕೆಮ್ಮಿತ್ತೇ ಎಂದು ಮಲಗಿದಲ್ಲಿಂದಲೇ ಇವಳು ಮರಾಠಿಯಲ್ಲಿ ಕೇಳಿದಳು. ಇರಲಿಲ್ಲವಂತೆ.

"ಅವಳು ಕೂತು ಸತ್ತಳು. ನಾನು ಮಲಗಿ ಸಾಯ್ತಾ ಇದ್ದೇನೆ," ಎಂದಳು ಅಕ್ಕನಿಗೆ. "ತರಿಸಿ ಅದನ್ನು."

ಮಂಚದ ಕಾಲಿಗೆ ಒಂದು ಲಿಂಬೆಹಣ್ಣು ಕಟ್ಟಲೇಬೇಕು ಎಂದಳು ಅಕ್ಕ, ಅಷ್ಟೇ. ಹುಡುಗಿ ಒಪ್ಪಿದಳು, ವಾಪಸ್ ಕೊಡುವಾಗ ಲಿಂಬೆ ತೆಗೆದು ಕೊಡಬೇಕು ಎಂಬ ಕರಾರಿನ ಮೇಲೆ.

ಈಗ ಹುಡುಗಿ ಸಾಮಾನು ಕೇಳಿದವರ ಮನೆ ನೋಡಲು ಹೋಗುವಾಗ ನನ್ನನ್ನೂ ಎಬ್ಬಿಸಿಕೊಂಡು ಹೋಗುತ್ತಾಳೆ. ಸಂಘಕ್ಕೆ ನನ್ನ ಕೈಯಿಂದ ಆಗುವುದು ಅದೊಂದೇ. ಸೋಫಾದ ಹತ್ತಿರ ನಿಲ್ಲದೆ ನೇರ ಒಳಗೆ ಹೋಗಿ, ಮಲಗಿದವರನ್ನು ಕೇಳುತ್ತೇನೆ.

ಆ ದಿನ ಎದುರುಮನೆಗೆ ತರುವಾಗ ಮಂಚ ಲಿಫ್ಟಿಗೆ ಹಿಡಿಸಲಿಲ್ಲ. ಬೋಲ್ಟು ಬಿಚ್ಚಿ, ಟೆಂಪೊದವನೂ ವಾಚ್‌ಮನ್ನೂ ಸೇರಿ ಮೆಟ್ಟಿಲಲ್ಲಿ ಹೊತ್ತು ತಂದರು. ಒಳಕೋಣೆಯಲ್ಲಿ ಜಾಗ ಸಾಲದೆ ಹೊರಕೋಣೆಯಲ್ಲಿ, ಅಡುಗೆಮನೆಯ ಎದುರಿಗೇ ಹಾಕಬೇಕಾಯಿತು. ಎಲ್ಲರೂ ಸೇರಿ ಮಲಗಿದವಳನ್ನು ಅದಕ್ಕೆ ದಾಟಿಸಿದೆವು. ಸೊಸೆ ಹಿಡಿ ತಿರುಗಿಸಿದಳು. ತಲೆ ಎದ್ದಿತು, ಭುಜ ಎದ್ದಿತು. ಗಂಟಲಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಕೆಮ್ಮಿ ಉಗಿದಳು. ಮುಖ ಒರೆಸಿಕೊಂಡು ಅಡುಗೆಮನೆಯ ಕಡೆ ನೋಡಿದಳು.

"ಒಗ್ಗರಣೆಗೆ ಅಷ್ಟು ಎಣ್ಣೆ ಹಾಕ್ತೀಯಾ ನೀನು?"

ಸೊಸೆ ನನ್ನ ಕಡೆ ತಿರುಗಿ, ಮಲಗಿದ್ದಾಗಲೇ ಚಂದ ಇತ್ತು ಎಂದು ಮೆಲ್ಲಗೆ ಹೇಳಿದಳು. ಹೇಳಿ, ಬಗ್ಗಿ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿ ಅತ್ತೆಯನ್ನು ಇನ್ನೂ ಸ್ವಲ್ಪ ಮೇಲೆತ್ತಿದಳು.