ಸಿಸ್ಟರ್ ಅಳತೆಯ ಜಾಕೆಟ್ಟು

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಇದ್ದೇ ಇತ್ತು. ಆದರೆ ಆ ಹೆಸರಿನಿಂದ ಕರೆದವರು ಕಡಿಮೆ. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸ್ ಆದ್ದರಿಂದ ಎಲ್ಲರಿಗೂ ಆಕೆ ಸಿಸ್ಟರ್. ಕೊನೆಗೆ ಗಂಡ ಕೂಡ ಜಗಳ ತೆಗೆಯುವಾಗ "ನೋಡಿ ಸಿಸ್ಟರ್" ಎಂದೇ ಶುರು ಮಾಡುತ್ತಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದರೂ ಹಾಸಿಗೆ ಬಿಟ್ಟು ಏಳಲಾರದವರ ಮನೆಗಳಿಗೆ ಕ್ಲಿನಿಕ್ಕು ಆಕೆಯನ್ನು ಕಳಿಸುತ್ತಿತ್ತು. ಮಲಗಿ ಮಲಗಿ ಬೆನ್ನು ಹುಣ್ಣಾದವರು, ಹೊಲಿಗೆ ಬಿಚ್ಚಿಸಿಕೊಳ್ಳಬೇಕಾದವರು, ಸಕ್ಕರೆ ಕಾಯಿಲೆಯಿಂದ ಪಾದ ಕೊಳೆಯುತ್ತಿದ್ದವರು. ಊರಿನ ಒಂದು ತುದಿಯಲ್ಲಿ ಒಬ್ಬರು, ಇನ್ನೊಂದು ತುದಿಯಲ್ಲಿ ಇನ್ನೊಬ್ಬರು. ಇಷ್ಟು ಜನರನ್ನು ಆಕೆ ದಿನವೂ ಮುಟ್ಟಿ ಬರುತ್ತಿದ್ದದ್ದು ಒಂದು ಹಳೆಯ ಮೋಟಾರ್ ಸೈಕಲ್ಲಿನ ಮೇಲೆ. ಬಸ್ ಡಿಪೋದ ಹಿಂದಿನ ಬಯಲಿನಲ್ಲಿ ಅಣ್ಣ ಗಾಡಿ ಓಡಿಸಲು ಕಲಿಸಿ, ತಾನು ಹೊಸದು ಕೊಂಡಾಗ ಇದನ್ನು ತಂಗಿಗೆ ಬಿಟ್ಟುಕೊಟ್ಟಿದ್ದ. ಹಿಂದಿನ ಸೀಟಿಗೆ ಔಷಧಿಯ ಪೆಟ್ಟಿಗೆ ಬಿಗಿದು ಹೊರಟಳೆಂದರೆ ಊಟದ ಹೊತ್ತಿಗೂ ಇಳಿಯುತ್ತಿರಲಿಲ್ಲ.

ಆಕೆ ಗಾಡಿಯಿಂದ ಬಿದ್ದ ದಿನ ಜೋರಾಗಿಯೇನೂ ಹೋಗುತ್ತಿರಲಿಲ್ಲ. ತಿರುವಿನಲ್ಲಿ ಯಾವುದೋ ಲಾರಿಯಿಂದ ಜಲ್ಲಿ ಚೆಲ್ಲಿತ್ತು. ಮುಂದಿನ ಚಕ್ರ ಅದರ ಮೇಲೆ ಹತ್ತಿದ್ದೇ ಗಾಡಿ ಪಕ್ಕಕ್ಕೆ ಜಾರಿತು. ಆಕೆ ಎರಡೂ ಕೈ ಮುಂದೆ ಊರಿದಳು. ಮೈ ಮುಂದಕ್ಕೆ ಸರಿಯಿತು, ಅಂಗೈಯ ಚರ್ಮ ರಸ್ತೆಗೇ ಅಂಟಿಕೊಂಡಿತು. ತಲೆಯ ಮೇಲಿದ್ದ ಸಡಿಲವಾದ, ಮುಖ ಮುಚ್ಚದ ಹೆಲ್ಮೆಟ್ಟು ಹಿಂದಕ್ಕೆ ವಾಲಿ, ಗದ್ದ ನೆಲಕ್ಕೆ ಬಡಿಯಿತು. ಮೊಣಕಾಲು, ಮೊಣಕೈಗಳ ಚರ್ಮವೂ ಕಿತ್ತುಹೋಯಿತು.

ಕ್ಲಿನಿಕ್ಕಿನಲ್ಲಿ ಜೊತೆಯ ನರ್ಸು ಚಿಮಟಿಗೆ ಹಿಡಿದು ಅಂಗೈಯಿಂದ ಕಲ್ಲಿನ ಚೂರುಗಳನ್ನು ಒಂದೊಂದಾಗಿ ತೆಗೆಯುವಾಗ ಸಿಸ್ಟರ್ ಹಲ್ಲು ಕಚ್ಚಿಕೊಂಡು ಹೇಳಿದಳು: "ಎಷ್ಟು ಜನಕ್ಕೆ 'ಸ್ವಲ್ಪ ಉರಿಯುತ್ತೆ, ಅಷ್ಟೆ' ಅಂದಿದ್ದೀನಿ ನಾನು! ಸುಳ್ಳು ಕಣೇ. ಅಷ್ಟೇ ಅಲ್ಲ."

ಎರಡೂ ಕೈಗೆ ಬೆರಳ ತುದಿಯವರೆಗೆ ಪಟ್ಟಿ ಬಿತ್ತು. ಉಣ್ಣಲು, ತಲೆ ಬಾಚಲು, ಬಾಗಿಲ ಚಿಲಕ ತೆಗೆಯಲು ಎಲ್ಲದಕ್ಕೂ ಅತ್ತೆಯೇ ಗತಿ.

ಅತ್ತೆ ಎಂದರೆ ಸಾಮಾನ್ಯ ಹೆಂಗಸಲ್ಲ. ಲಾರಿಗೆ ಹೊದಿಸುವ ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿ ಮುಪ್ಪು ಬರುವ ತನಕ ದುಡಿದವರು. ಕೆಲಸ ಬಿಟ್ಟು ಬರುವಾಗ ಕಾರ್ಖಾನೆಯವರು ಬದಿಗಿಟ್ಟಿದ್ದ ಒಂದು ದಪ್ಪ ಹೊಲಿಗೆ ಯಂತ್ರವನ್ನು ಹಟ ಹಿಡಿದು ಮನೆಗೆ ತಂದಿದ್ದರು. ಅದು ಪಡಸಾಲೆಯ ಅರ್ಧ ಜಾಗ ನುಂಗಿ ಕೂತಿತ್ತು. ಅವರ ಬಾಯಿಯೂ ಆ ಯಂತ್ರದ ಸೂಜಿಯ ಹಾಗೇ, ಎಂಥ ದಪ್ಪ ಬಟ್ಟೆಯಾದರೂ ಆಚೆ ದಾಟುತ್ತಿತ್ತು. ಸೊಸೆಗೆ ತುತ್ತು ಇಡುತ್ತ ತುತ್ತಿಗೊಂದು ಬುದ್ಧಿಮಾತು ಹೇಳುತ್ತಿದ್ದರು.

"ಬಾಯಿ ತೆಗಿ. ಆ ಗಾಡಿ ಇವತ್ತೇ ಯಾರಿಗಾದ್ರೂ ಕೊಟ್ಬಿಡು. ಬಸ್ ಇಲ್ವಾ ಊರಲ್ಲಿ?"

"ಬಸ್ಸಲ್ಲಿ ಹತ್ತಿ ಇಳಿದು ಹೋದ್ರೆ ಅರ್ಧ ಜನರನ್ನೂ ನೋಡೋಕಾಗಲ್ಲ ಅತ್ತೆ."

"ಉಳಿದರ್ಧ ಜನಕ್ಕೆ ಬೇರೆ ಯಾರಾದ್ರೂ ಇರ್ತಾರೆ. ಬಾಯಿ ತೆಗಿ."

"ಯಾರಿದ್ದಾರೆ ಹೇಳಿ ನೋಡೋಣ?"

"ನನ್ನ ಕೇಳಿದ್ರೆ? ನಾನೇನು ನರ್ಸಾ? ಲೇ, ನೀನಾದ್ರೂ ಹೇಳೋ ಇವಳಿಗೆ!"

ಕೊನೆಯ ಮಾತು ಮಗನಿಗೆ. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಆ ಮನುಷ್ಯ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಪಾತ್ರೆ ತೊಳೆಯುವ ನೆಪ ಹಿಡಿದು ಒಳಗೆ ಹೋದ.

ಅತ್ತೆಯ ಮನಸ್ಸು ತಿರುಗಿದ್ದು ಸೊಸೆಯ ಮಾತಿನಿಂದಲ್ಲ, ಫೋನಿನಿಂದ. ಪಟ್ಟಿ ಕಟ್ಟಿದ ಕೈಯಲ್ಲಿ ಸಿಸ್ಟರ್‌ಗೆ ಫೋನು ಹಿಡಿಯಲಾಗುತ್ತಿರಲಿಲ್ಲ. ಬಂದ ಕರೆಗೆಲ್ಲ ಅತ್ತೆಯೇ ಅದನ್ನು ಸೊಸೆಯ ಕಿವಿಗೆ ಹಿಡಿದು ನಿಲ್ಲಬೇಕಿತ್ತು. ಹಿಡಿದ ಮೇಲೆ ಆ ಕಡೆಯ ಮಾತು ಕೇಳದೆ ಇರುತ್ತದೆಯೇ? ಬೆನ್ನಿನ ಹುಣ್ಣು ದೊಡ್ಡದಾಯಿತೆಂದು ಒಬ್ಬರು, ಹೊಲಿಗೆಯಲ್ಲಿ ಕೀವು ಎಂದು ಇನ್ನೊಬ್ಬರು. ಒಂದು ಮಧ್ಯಾಹ್ನ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರ ಮಗಳು ಕರೆ ಮಾಡಿದಳು.

"ಸಿಸ್ಟರ್, ಅಪ್ಪನ ಕಾಲು ವಾಸನೆ ಬರ್ತಿದೆ. ಕ್ಲಿನಿಕ್‌ನಿಂದ ಯಾರೂ ಬರಲಿಲ್ಲ. ನಾನೇ ಪಟ್ಟಿ ಬಿಚ್ಚಿದೆ, ನೋಡೋಕಾಗಲ್ಲ ಸಿಸ್ಟರ್..."

ಸಿಸ್ಟರ್ ಸಮಾಧಾನವಾಗಿ ಏನು ಮಾಡಬೇಕು, ಏನು ಮಾಡಬಾರದು, ಯಾರಿಗೆ ಹೇಳಿ ಇವತ್ತೇ ಡಾಕ್ಟರನ್ನು ಕರೆಸಬೇಕು ಎಂದು ಹೇಳಿದಳು. ಅಷ್ಟರಲ್ಲಿ ಮುದುಕರೇ ಫೋನು ಕಸಿದುಕೊಂಡರು. "ನನ್ನ ಕಾಲಿನ ಮಾತು ಬಿಡಮ್ಮಾ. ನಿನ್ನ ಕೈ ಹೇಗಿದೆ?"

ಆ ಸಂಜೆ ಅತ್ತೆ ಸೊಸೆಯ ತಲೆ ಬಾಚುತ್ತ ಹಿಂದಿನಿಂದ ಕೇಳಿದರು, "ಮತ್ತೆ ಹತ್ತಲೇಬೇಕಾ ಅದನ್ನ?"

"ಹತ್ತಲೇಬೇಕು ಅತ್ತೆ. ಆದ್ರೆ ಹಾಗೇ ಹತ್ತಲ್ಲ. ಇಷ್ಟು ವರ್ಷ ಬಿದ್ದವರಿಗೆ ಪಟ್ಟಿ ಕಟ್ಟಿದ್ದೀನಿ. ಎಲ್ಲೆಲ್ಲಿ ಕಿತ್ತುಹೋಗುತ್ತೆ ಅಂತ ಗೊತ್ತಿದ್ದೂ ಬರೀ ಅಂಗೀಲಿ ಓಡಾಡ್ದೆ. ಅಂಗೈ, ಮೊಣಕೈ, ಭುಜ, ಮೊಣಕಾಲು, ಕಣಕಾಲಿನ ಗಂಟು, ಗದ್ದ. ಇಷ್ಟಕ್ಕೂ ಸರಿಯಾದದ್ದು ಸಿಗೋವರೆಗೂ ಗಾಡಿ ಮುಟ್ಟಲ್ಲ."

"ಸರಿ. ಅಲ್ಲಿವರೆಗೂ ಕೀ ನನ್ನ ಹತ್ರ ಇರುತ್ತೆ," ಎಂದು ಅತ್ತೆ ಬಾಚಣಿಗೆ ಎಳೆದ ರಭಸಕ್ಕೆ ಸಿಸ್ಟರ್ ಕಣ್ಣಲ್ಲಿ ನೀರು ಬಂತು.

ಅಂಗೈಯಲ್ಲಿ ಹೊಸ ಚರ್ಮ ಎಳೆಯದಾಗಿ, ಕೆಂಪಗೆ ಮೂಡಿದ ಮೇಲೆ ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ಕೇಳುವ ಮೊದಲೇ ಒಂದು ಗುಲಾಬಿ ಬಣ್ಣದ ತೆಳ್ಳನೆಯ ಜಾಕೆಟ್ಟು ತೆಗೆದು ಹರಡಿದ.

"ಲೇಡೀಸ್‌ದು ಇದೊಂದೇ ಮೇಡಂ. ತುಂಬಾ ಹೋಗುತ್ತೆ."

ಸಿಸ್ಟರ್ ಅದರ ಮೊಣಕೈಯನ್ನು ಒತ್ತಿ ನೋಡಿದಳು. ಒಳಗಿದ್ದದ್ದು ಪಾತ್ರೆ ತೊಳೆಯುವ ಸ್ಪಂಜಿನಷ್ಟೇ ಮೆತ್ತಗೆ. ಅತ್ತೆ ಅದರ ಹೊಲಿಗೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದರು. ಎಳೆ ಎಳೆಯಾಗಿ ಬೆಳಕು ಕಂಡಿತು.

"ರಸ್ತೆಗೆ ತಾಗೋದು ಹಾಗಿರಲಿ, ನನ್ನ ಕೈಗೇ ಬಾಯಿ ಬಿಡ್ತಿದೆಯಲ್ಲಪ್ಪಾ ಇದು. ಒಳಗಿಡು."

ಹೆಲ್ಮೆಟ್ಟಿನ ಸರದಿ ಬಂತು. ಅಂಗಡಿಯವನು ಕೊಟ್ಟದ್ದು ತಲೆಗೆ ಸಲೀಸಾಗಿ ಇಳಿಯಿತು. "ಸ್ವಲ್ಪ ದೊಡ್ಡದಿದ್ರೆ ಆರಾಮ ಮೇಡಂ," ಎಂದ. ಸಿಸ್ಟರ್ ಗದ್ದದ ಪಟ್ಟಿ ಬಿಗಿದು, "ಅತ್ತೆ, ಹಿಂದಿನಿಂದ ಎತ್ತಿ ನೋಡಿ," ಎಂದಳು. ಅತ್ತೆ ಎತ್ತಿದ ಕೂಡಲೇ ಅದು ಮುಂದಕ್ಕೆ ಉರುಳಿ ಮೂಗಿನ ಮೇಲೆ ಬಂತು.

"ಬೇಡ. ಇದರಲ್ಲಿ ನಾನು ಬಿದ್ರೆ ತಲೆ ಒಂದು ಕಡೆ, ಇದೊಂದು ಕಡೆ ಹೋಗುತ್ತೆ."

ಗದ್ದದವರೆಗೂ ಮುಚ್ಚುವ, ಇನ್ನೂ ಚಿಕ್ಕ ಅಳತೆಯದನ್ನು ಹಾಕಿಸಿದರು. ಕೆನ್ನೆಗಳು ಒತ್ತಿ, ಬಾಯಿ ತುಂಬ ಗಾಳಿ ತುಂಬಿಕೊಂಡ ಮಗುವಿನ ಮುಖವಾಯಿತು. ಅತ್ತೆ ಹಿಂದಿನಿಂದ ಎಷ್ಟು ಎತ್ತಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಹಣೆಯಲ್ಲಿ ಎಲ್ಲಾದರೂ ನೋಯುತ್ತದೆಯೇ ಎಂದು ತಿಳಿಯಲು ಸಿಸ್ಟರ್ ಅದನ್ನು ಹಾಕಿಕೊಂಡೇ ಅಂಗಡಿಯ ತುಂಬ ಅಡ್ಡಾಡಿದಳು. ಬಂದ ಗಿರಾಕಿಗಳು ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಕಪ್ಪು ಗಾಜು ಚೆನ್ನಾಗಿ ಕಾಣುತ್ತದೆಂದು ಅಂಗಡಿಯವನು ಹೇಳಿದ. ಕತ್ತಲಾದ ಮೇಲೂ ಮನೆಗೆ ಬರಬೇಕಾದವಳಿಗೆ ಅದೇಕೆಂದು ಆಕೆ ಬಿಳಿ ಗಾಜನ್ನೇ ಹಾಕಿಸಿದಳು.

ಕೈಗವಸಿಗೆ ಮೇಲಿನ ಅಟ್ಟದ ಡಬ್ಬಗಳನ್ನೆಲ್ಲ ಇಳಿಸಬೇಕಾಯಿತು. ಅಂಗೈಯಲ್ಲಿ ಗಟ್ಟಿ ತುಂಡು ಇರಬೇಕು, ನೆಲಕ್ಕೆ ತಾಗಿದರೆ ಕೈ ಕಚ್ಚಿಕೊಳ್ಳದೆ ಜಾರಬೇಕು. ಮಣಿಕಟ್ಟಿನಲ್ಲಿ ಪಟ್ಟಿ ಇರಬೇಕು. ಬೆರಳ ತುದಿ ಜೋಲಾಡಿದರೆ ಬ್ರೇಕು ಸಿಗುವುದಿಲ್ಲ. ಎಲ್ಲ ಸರಿಹೊಂದುವ ಜೋಡಿ ಕೊನೆಯ ಡಬ್ಬದಲ್ಲಿ ಸಿಕ್ಕಿತು. ಬೂಟು ಕಣಕಾಲಿನ ಗಂಟು ಮುಚ್ಚುವಷ್ಟು ಎತ್ತರದ್ದು, ಲೇಸು ಗೇರಿಗೆ ಸಿಕ್ಕದಂತೆ ಒಳಗೆ ಸೇರಿಸುವಂಥದ್ದು ಸಿಕ್ಕಿತು. ಮೊಣಕಾಲಿಗೆ ಏಟು ತಡೆಯುವ ಪ್ಯಾಡು ಇದ್ದ ಪ್ಯಾಂಟೂ ಸಿಕ್ಕಿತು.

ಜಾಕೆಟ್ಟು ಮಾತ್ರ ಅಲ್ಲಿ ಸಿಗಲಿಲ್ಲ. ಬೇರೆ ಅಂಗಡಿಗಳಲ್ಲೂ ಸಿಗಲಿಲ್ಲ. ಬಿಸಿಲಲ್ಲಿ ಅಲೆದು ಅಲೆದು ಕಾಲು ಬಿದ್ದುಹೋದವು. ಎಲ್ಲ ಕಡೆಯೂ ಒಂದೇ ಉತ್ತರ: "ಇಷ್ಟೆಲ್ಲ ಲೇಡೀಸ್ ಕೇಳಲ್ಲ ಮೇಡಂ."

"ಈಗ ಕೇಳ್ತಾ ಇರೋದು ಯಾರು, ದೆವ್ವಾನಾ?" ಎಂದು ಅತ್ತೆ ಕೊನೆಯ ಅಂಗಡಿಯಲ್ಲಿ ರೇಗಿದರು.

ಆ ಅಂಗಡಿಯವನು ಹೆದರಿಕೊಂಡೋ ಏನೋ, ಗಂಡಸರ ಅತಿ ಚಿಕ್ಕ ಅಳತೆಯದೊಂದನ್ನು ತಂದು ತೋರಿಸಿದ. ಬಟ್ಟೆ ಗಟ್ಟಿ, ನಡುನಡುವೆ ಗಾಳಿಯಾಡುವ ಬಲೆ, ಭುಜಕ್ಕೆ, ಮೊಣಕೈಗೆ, ಬೆನ್ನಿಗೆ ಒಳ್ಳೆಯ ಪ್ಯಾಡು, ತೋಳಿನ ಮೇಲೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಹಾಕಿಕೊಂಡರೆ ಮೊಣಕೈಯ ಪ್ಯಾಡು ಮುಂಗೈಗೆ ಇಳಿದಿತ್ತು.

"ಅದನ್ನ ಸ್ವಲ್ಪ ಮೇಲೆ ಎಳ್ಕೊಂಡ್ರೆ ಆಯ್ತು ಮೇಡಂ."

"ಬೀಳೋವಾಗ ಎಳ್ಕೊಳ್ಳೋಕೆ ಪುರುಸೊತ್ತು ಇರುತ್ತಾ?" ಎಂದು ಸಿಸ್ಟರ್ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಆಕೆಗೆ ಅಳು ಬರುವಂತಾಗಿತ್ತು. ಅತ್ತೆ ಜಾಕೆಟ್ಟನ್ನು ಒಳಗು ಹೊರಗು ಮಾಡಿ, ಕನ್ನಡಕ ಏರಿಸಿ, ಪ್ಯಾಡು ಕೂತಿದ್ದ ಒಳಜೇಬನ್ನು ಬೆರಳಿನಿಂದ ತಡವಿದರು.

"ಇದನ್ನೇ ತಗೋ," ಎಂದರು.

"ಅತ್ತೆ, ಇದು ಸರಿ..."

"ತಗೋ ಅಂದೆ."

ಮನೆಗೆ ಬಂದ ಮೇಲೆ ಅತ್ತೆ ಅಂಗಳದಲ್ಲಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿಸಿ, ಜಾಕೆಟ್ಟು ತೊಟ್ಟ ಸೊಸೆಯನ್ನು ಅದರ ಮೇಲೆ ಕೂರಿಸಿದರು. "ನಿಂತಾಗ ಕೈ ಬೇರೆ ಕಡೆ ಇರುತ್ತೆ. ನೀನು ಓಡಿಸೋವಾಗ ಹೇಗೆ ಕೂರ್ತೀಯೋ ಹಾಗೇ ಕೂತ್ಕೋ." ಸಿಸ್ಟರ್ ಹಿಡಿಕೆ ಹಿಡಿದು ಕೂತಳು. ಅತ್ತೆ ಸುತ್ತ ತಿರುಗಿ ಮೊಣಕೈಯ ಮೂಳೆ ಎಲ್ಲಿದೆಯೆಂದು ಒತ್ತಿ ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಪ್ಯಾಂಟಿನ ಮೊಣಕಾಲಿನ ಪ್ಯಾಡಿಗೂ ಹಾಗೆಯೇ. ಹೊರಬಟ್ಟೆಗೆ ಎಲ್ಲೂ ಸೂಜಿ ತಾಗಿಸಲಿಲ್ಲ. ಅಲ್ಲಿ ತೂತು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆಂದು ಅವರಿಗೆ ಟಾರ್ಪಾಲು ಕಲಿಸಿತ್ತು. ಒಳಜೇಬುಗಳನ್ನು ಬಿಚ್ಚಿ ಮೇಲಕ್ಕೇರಿಸಿದರು, ತೋಳು ತಿರುಗದಂತೆ ಒಳಗಿನಿಂದ ಒಂದು ಪಟ್ಟಿ ಕೊಟ್ಟರು.

ಮೊದಲ ಸಲ ಹೊಲಿದದ್ದು ಕೆಟ್ಟಿತು. ಕೈ ಮಡಚಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. "ಪರವಾಗಿಲ್ಲ ಅತ್ತೆ, ಅಭ್ಯಾಸ ಆಗುತ್ತೆ," ಎಂದಳು ಸಿಸ್ಟರ್. ಅತ್ತೆ ಬ್ಲೇಡು ಹಿಡಿದು ಎಲ್ಲವನ್ನೂ ಬಿಚ್ಚಿದರು. ಸೂಜಿ ಮುರಿಯಿತು, ಇನ್ನೊಂದು ಹಾಕಿದರು. ಕೊನೆಗೆ ಸಿಸ್ಟರ್ ತೊಟ್ಟು ಕೈ ಬೀಸಿದಾಗ, ಮಡಚಿದಾಗ, ಅತ್ತೆಯೇ ತೋಳು ಹಿಡಿದು ತಿರುಚಿದಾಗ, ಪ್ಯಾಡು ಮೂಳೆಯ ಮೇಲಿಂದ ಕದಲಲಿಲ್ಲ. ಆಗ ಅತ್ತೆ ಯಂತ್ರದ ಡ್ರಾಯರು ಎಳೆದು ಕೀ ತೆಗೆದು ಕೊಟ್ಟರು.

ಬೀದಿಯಲ್ಲಿ ಹೊರಟಾಗ ಎದುರುಮನೆಯವರು ಕೇಳಿದರು, "ಏನು ಸಿಸ್ಟರ್, ಚಂದ್ರಲೋಕಕ್ಕಾ?"

"ಇಲ್ಲ, ಮಾರ್ಕೆಟ್ ಹಿಂದಿನ ಬೀದಿಗೆ," ಎಂದು ಆಕೆ ಗಾಡಿ ಎತ್ತಿದಳು.

ಜಲ್ಲಿ ಬಿದ್ದಿದ್ದ ತಿರುವು ಬಂದಾಗ ನಿಧಾನ ಮಾಡಿದಳು, ದಾಟಿದಳು. ಗಡಿಯಾರದ ತಾತನ ಮನೆ ತಲುಪುವ ಹೊತ್ತಿಗೆ ಬೆವರು ಬೆನ್ನಿಗಿಳಿದಿತ್ತು. ಬಾಗಿಲು ತೆಗೆದ ಮಗಳು ಗಾಬರಿಯಿಂದ, "ಯಾರು ಬೇಕಿತ್ತು?" ಎಂದಳು. ಹೆಲ್ಮೆಟ್ಟು ತೆಗೆದ ಮೇಲೆ ಅವಳು ಸಿಸ್ಟರ್‌ನ ಎರಡೂ ಕೈ ಹಿಡಿದುಕೊಂಡಳು. ತಾತನ ಕಾಲಿನ ಒಂದು ಬೆರಳು ಉಳಿಯಲಿಲ್ಲ, ಡಾಕ್ಟರು ತೆಗೆಯಬೇಕಾಯಿತು. ಪಾದ ಉಳಿಯಿತು. ಅದು ಒಣಗುವವರೆಗೂ ಸಿಸ್ಟರ್ ಒಂದು ದಿನವೂ ತಪ್ಪಿಸಲಿಲ್ಲ.

ಸೆಕೆ ಎಂದು, ಹತ್ತಿರ ಎಂದು, ಇವತ್ತೊಂದು ದಿನ ಎಂದು ಆಕೆ ಯಾವತ್ತೂ ಏನನ್ನೂ ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಬೆವರಿದ ಅಂಗಿಗೆ ಬದಲು ಅಂಗಿ ಪೆಟ್ಟಿಗೆಯಲ್ಲಿಟ್ಟುಕೊಂಡಳು, ನೀರು ಹೆಚ್ಚು ಕುಡಿದಳು.

ಎರಡನೆಯ ಸಲ ಬಿದ್ದದ್ದು ಬೇಸಿಗೆಯಲ್ಲೇ. ನಿಂತಿದ್ದ ಕಾರಿನ ಬಾಗಿಲು ಹಠಾತ್ತನೆ ತೆರೆಯಿತು. ಆಕೆ ಅದಕ್ಕೆ ತಾಗಿ ಬಲಕ್ಕೆ ಬಿದ್ದು, ರಸ್ತೆಯ ಮೇಲೆ ಉಜ್ಜಿಕೊಂಡು ಹೋಗಿ ನಿಂತಳು. ಮಲಗಿದಲ್ಲೇ ಮೊದಲು ಬೆರಳಾಡಿಸಿದಳು, ಆಮೇಲೆ ಪಾದ, ಕತ್ತು. ಎಲ್ಲ ಆಡಿದವು. ನಿಧಾನವಾಗಿ ಎದ್ದು ಕೂತಳು. ಕಾರಿನವನು ಹತ್ತಿರ ಬಂದು ಗಡಗಡ ನಡುಗುತ್ತ ನಿಂತ. ಸಿಸ್ಟರೇ ಅವನನ್ನು ಕಟ್ಟೆಯ ಮೇಲೆ ಕೂರಿಸಿ ತನ್ನ ಬಾಟಲಿಯ ನೀರು ಕುಡಿಸಿದಳು. "ಬಾಗಿಲು ತೆಗೆಯೋ ಮುಂಚೆ ಹಿಂದೆ ನೋಡಿ. ಎಲ್ಲರೂ ನನ್ನ ಹಾಗೆ ಹಾಕ್ಕೊಂಡಿರಲ್ಲ," ಎಂದಳು.

ಮನೆಯಲ್ಲಿ ಅತ್ತೆ ಕೈಗವಸು ಬಿಚ್ಚಿಸಿ ಸೊಸೆಯ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದರು. ಗೀರಿಲ್ಲ. ಮೊಣಕೈ ನೀಲಿಯಾಗಿ ಊದಿತ್ತು, ಚರ್ಮ ಹರಿದಿರಲಿಲ್ಲ. ಅತ್ತೆ ಒಳಗೆ ಹೋಗಿ ಐಸು ತಂದು ಇಟ್ಟರು.

ಗಂಡ ಹೆಲ್ಮೆಟ್ಟನ್ನು ತಿರುಗಿಸಿ ನೋಡಿದ. ಒಂದು ಕಡೆ ಬಣ್ಣ ಉಜ್ಜಿಹೋಗಿತ್ತು, ಅಷ್ಟೆ. "ಬಿರುಕೇ ಬಿಟ್ಟಿಲ್ಲವಲ್ಲೇ. ಇನ್ನೂ ಚೆನ್ನಾಗೇ ಇದೆ."

"ಒಳಗೆ ಏನಾಗಿದೆಯೋ ಹೊರಗೆ ಕಾಣಲ್ಲ ರೀ. ತಲೆಗೆ ಏಟು ಬಿದ್ರೂ ಹಾಗೇ ಅಲ್ವಾ?" ಎಂದು ಸಿಸ್ಟರ್ ಕತ್ತರಿ ತರಿಸಿ, ಬೇರೆ ಯಾರೂ ಎತ್ತಿಕೊಂಡು ಹೋಗಿ ಹಾಕಿಕೊಳ್ಳದಿರಲೆಂದು ಅದರ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿದಳು.

ಮೊಣಕೈಯ ಊತ ಇಳಿದ ಮೇಲೆ ಮತ್ತೆ ಹೊರಟಳು. ಹೊಸ ಹೆಲ್ಮೆಟ್ಟು ಕೆನ್ನೆಯನ್ನು ಬಿಗಿಯಾಗಿ ಒತ್ತುತ್ತಿತ್ತು. ಕೆಲವು ದಿನ ಹಾಗೆ ಒತ್ತುತ್ತದೆ, ಆಮೇಲೆ ತಲೆಗೆ ಒಗ್ಗುತ್ತದೆ. ಸಿಸ್ಟರ್ ಗದ್ದದ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿ, ಗಾಜು ಇಳಿಸಿ, ಗೇರು ಹಾಕಿದಳು.